ಮೊಬೈಲ್‌ನಿಂದ ಮಾದರಿ ರೈಲು: ಹಲಗೆಯ ಅಡಿಯಿಂದ ಶುರುವಾಗುವ ಕೆಲಸ

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ನೀವೀಗ ನೋಡುತ್ತಿರುವುದು ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿರುವ ಮಾದರಿ ರೈಲುಮಾರ್ಗ. ಎಂಟಡಿಗೆ ನಾಲ್ಕಡಿಯ ಒಂದು ಪೂರ್ತಿ ಪ್ಲೈವುಡ್ ಹಲಗೆಯ ಮೇಲೆ ಪಾಂಡವಪುರದಿಂದ ನಾಗನಹಳ್ಳಿಯವರೆಗಿನ ದಾರಿಯನ್ನು, ನಡುವೆ ಶ್ರೀರಂಗಪಟ್ಟಣದ ದ್ವೀಪವನ್ನೂ ಅದರ ಎರಡೂ ಬದಿಗೆ ಹರಿಯುವ ಕಾವೇರಿಯ ಮೇಲಿನ ಸೇತುವೆಗಳನ್ನೂ ಸೇರಿಸಿ, ಬಹಳಷ್ಟು ಸಂಕ್ಷೇಪಿಸಿ ಕಟ್ಟಿದ್ದೇವೆ. ಅಳತೆ 1:87, ಅಂದರೆ ಮಾದರಿ ರೈಲಿನವರು ಎಚ್‌ಒ ಎಂದು ಕರೆಯುವ ಅಳತೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್‌ನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚೇ ಬರುತ್ತದೆ ಎಂಬುದು ನನಗೆ ಗೊತ್ತಿದೆ. ಆದರೆ ಅಂಗಡಿಯಲ್ಲಿ ಸಿಗುವ ಹಳಿಯೂ ಚಕ್ರವೂ 16.5ರವು, ಹಾಗಾಗಿ ಅಷ್ಟು ರಾಜಿ ಅನಿವಾರ್ಯ.

ಈ ಕಂತಿನ ವಿಷಯ, ಇಂಜಿನ್‌ಗಳನ್ನು ಮೊಬೈಲ್ ಫೋನಿನಿಂದ ವೈರ್‌ಲೆಸ್ ಆಗಿ ನಡೆಸುವ ವ್ಯವಸ್ಥೆಯನ್ನು ಹೊಂದಿಸುವುದು. ವೈರ್‌ಲೆಸ್ ಎಂದ ಕೂಡಲೇ ಅನೇಕರು ಇನ್ನು ವೈರಿನ ಗೋಜು ಮುಗಿಯಿತು ಎಂದುಕೊಳ್ಳುತ್ತಾರೆ. ಗಾಳಿಯಲ್ಲಿ ಹೋಗುವುದು ನಿಮ್ಮ ಕೈಯಿಂದ ನಿಯಂತ್ರಣ ಪೆಟ್ಟಿಗೆಯವರೆಗಿನ ಆಜ್ಞೆ ಮಾತ್ರ. ಅಲ್ಲಿಂದ ಮುಂದೆ ಆಜ್ಞೆಯೂ ವಿದ್ಯುತ್ತೂ ಆ ಎರಡು ಹಳಿಗಳ ಮೂಲಕವೇ ಇಂಜಿನ್ನನ್ನು ತಲುಪಬೇಕು. ಆದ್ದರಿಂದ ಈ ವಿಡಿಯೋದ ಬಹುಪಾಲು ಹೊತ್ತು ಕ್ಯಾಮೆರಾ ಹಲಗೆಯ ಮೇಲಿರುವುದಕ್ಕಿಂತ ಅದರ ಅಡಿಯಲ್ಲೇ ಇರುತ್ತದೆ.

ಮೊದಲು ಹಳೆಯ ಪದ್ಧತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಾಮಾನ್ಯ ಡಿಸಿ ಪದ್ಧತಿಯಲ್ಲಿ ಗುಂಡಿ ತಿರುಗಿಸಿದಂತೆ ಹಳಿಯ ವೋಲ್ಟೇಜ್ ಏರಿಳಿಯುತ್ತದೆ, ಅದೇ ಇಂಜಿನ್ನಿನ ವೇಗವಾಗುತ್ತದೆ. ಒಂದೇ ಹಳಿಯ ಮೇಲೆ ಎರಡು ಇಂಜಿನ್‌ಗಳಿದ್ದರೆ ಎರಡೂ ಒಟ್ಟಿಗೇ ಓಡುತ್ತವೆ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಸದಾ ಒಂದೇ ಮಟ್ಟದಲ್ಲಿರುತ್ತದೆ, ಅದರ ದಿಕ್ಕು ಮಾತ್ರ ಸೆಕೆಂಡಿಗೆ ಸಾವಿರಾರು ಬಾರಿ ಬದಲಾಗುತ್ತಿರುತ್ತದೆ. ಹಾಗೆ ಬದಲಾಗುವ ಅವಧಿಯಲ್ಲೇ ಸಂದೇಶ ಅಡಗಿದೆ: ಪ್ರತಿ ಅರ್ಧಭಾಗ 58 ಮೈಕ್ರೋಸೆಕೆಂಡ್ ಇದ್ದರೆ ಅದು ‘ಒಂದು’, ಸುಮಾರು 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ‘ಸೊನ್ನೆ’. ಈ ಒಂದು ಸೊನ್ನೆಗಳ ಸಾಲಿನಲ್ಲಿ ಮೊದಲು ಇಂಜಿನ್ನಿನ ವಿಳಾಸ, ಆಮೇಲೆ ಆಜ್ಞೆ, ಕೊನೆಯಲ್ಲಿ ತಪ್ಪು ಹಿಡಿಯುವ ಒಂದು ಬೈಟ್ ಬರುತ್ತವೆ. ಇಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಎಲ್ಲ ಸಂದೇಶಗಳನ್ನೂ ಓದುತ್ತದೆ, ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆಂಝ್ ಸಂಸ್ಥೆಯ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದನ್ನು ಮಾನಕವಾಗಿಸಿತು. ಹಾಗಾಗಿಯೇ ಒಂದು ಕಂಪನಿಯ ಡಿಕೋಡರ್ ಇನ್ನೊಬ್ಬರ ನಿಯಂತ್ರಣ ಪೆಟ್ಟಿಗೆಯ ಮಾತನ್ನು ಕೇಳುತ್ತದೆ.

ಈಗ ಕ್ಯಾಮೆರಾವನ್ನು ಹಲಗೆಯ ಕೆಳಗೆ ತರುತ್ತೇನೆ. ಈ ಕೆಂಪು, ಕಪ್ಪು ವೈರುಗಳು ಮನೆಯ ವೈರಿಂಗ್‌ಗೆ ಬಳಸುವ 2.5 ಎಂಎಂ ವೈರುಗಳೇ, ಊರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಹಲಗೆಯ ಉದ್ದಕ್ಕೂ ಓಡುವ ಈ ಜೋಡಿಯೇ ಮುಖ್ಯ ಲೈನು. ಅದರಿಂದ ಪ್ರತಿಯೊಂದು ತುಂಡು ಹಳಿಗೂ ತೆಳುವಾದ, ಗೇಣುದ್ದದ ವೈರನ್ನು ಎಳೆದು, ಹಳಿಯ ಹೊರಬದಿಗೆ ಸೋಲ್ಡರ್ ಮಾಡಿದ್ದೇವೆ. ಹಳಿಗಳನ್ನು ಜೋಡಿಸುವ ತಗಡಿನ ಜಾಯಿನರ್‌ಗಳೇ ವಿದ್ಯುತ್ತನ್ನು ಸಾಗಿಸುತ್ತವಲ್ಲ, ಇಷ್ಟೊಂದು ವೈರು ಏಕೆ ಎಂದು ಕೇಳಬಹುದು. ಹೊಸದರಲ್ಲಿ ಸಾಗಿಸುತ್ತವೆ, ನಿಜ. ಮಳೆಗಾಲದ ತೇವವೂ ಬೇಸಿಗೆಯ ಧೂಳೂ ಸೇರಿದ ಮೇಲೆ ಒಂದೊಂದಾಗಿ ಕೈಕೊಡುತ್ತವೆ, ಆಗ ಗಾಡಿ ಯಾವ ಕೀಲಿನ ಬಳಿ ನಿಂತಿತೆಂದು ಹುಡುಕುತ್ತ ಕೂರಬೇಕಾಗುತ್ತದೆ. ಇಲ್ಲಿ ಮಾಡುವ ಒಂದು ಸಂಜೆಯ ಸೋಲ್ಡರಿಂಗ್ ಎಷ್ಟೋ ವರ್ಷದ ನೆಮ್ಮದಿಯನ್ನು ಕೊಡುತ್ತದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಇದು ನಿಯಂತ್ರಣ ಪೆಟ್ಟಿಗೆ. ಪುಟ್ಟ ಕಂಪ್ಯೂಟರಿನಂತಿರುವ ಆರ್ಡುಯಿನೋ ಮೆಗಾ 2560 ಬೋರ್ಡು, ಅದರ ಮೇಲೆ ಹಳಿಗೆ ವಿದ್ಯುತ್ ಹಾಯಿಸುವ ಆರ್ಡುಯಿನೋ ಮೋಟಾರ್ ಶೀಲ್ಡ್ ಎಂಬ ಇನ್ನೊಂದು ಬೋರ್ಡು, ಪಕ್ಕದಲ್ಲಿ ಇಎಸ್‌ಪಿ8266 ಎಂಬ ವೈಫೈ ಚಿಪ್ ಇರುವ ಪುಟ್ಟ ಬೋರ್ಡು. ಇವುಗಳಲ್ಲಿ ಓಡುವ ತಂತ್ರಾಂಶ ಡಿಸಿಸಿ-ಇಎಕ್ಸ್. ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದಾದ, ಮೂಲ ಸಂಕೇತವನ್ನೂ ತೆರೆದಿಟ್ಟಿರುವ ತಂತ್ರಾಂಶ ಇದು. ಸಿದ್ಧ ನಿಯಂತ್ರಣ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಇಲ್ಲದಿಲ್ಲ, ಒಳ್ಳೆಯವೂ ಇವೆ. ಆದರೆ ಕೆಟ್ಟರೆ ನಾವೇ ಬಿಚ್ಚಿ ಸರಿಮಾಡಿಕೊಳ್ಳಬಲ್ಲ ವ್ಯವಸ್ಥೆ ನಮಗೆ ಬೇಕಿತ್ತು, ಅದಕ್ಕಾಗಿ ಈ ದಾರಿ ಹಿಡಿದೆವು.

ಇಲ್ಲಿ ಎರಡು ವಿಷಯಗಳನ್ನು ದಯವಿಟ್ಟು ಗಮನವಿಟ್ಟು ನೋಡಿ. ಮೊದಲನೆಯದು ಶೀಲ್ಡಿನ ಬೆನ್ನಿನಲ್ಲಿರುವ ‘ವಿನ್ ಕನೆಕ್ಟ್’ ಎಂಬ ಸಣ್ಣ ತಾಮ್ರದ ಗೆರೆ. ಹಳಿಗಾಗಿ ನಾವು ಶೀಲ್ಡಿಗೆ 15 ವೋಲ್ಟ್ ಕೊಡುತ್ತೇವೆ. ಮಾರ್ಗದಲ್ಲಿ ಶೀಲ್ಡಿನ ಚಿಪ್ಪೇ ಸುಮಾರು 2 ವೋಲ್ಟ್ ತಿಂದು, ಹಳಿಗೆ ಹದವಾದ ವೋಲ್ಟೇಜ್ ತಲುಪುತ್ತದೆ. ಆ ತಾಮ್ರದ ಗೆರೆ ಹಾಗೇ ಉಳಿದರೆ ಇದೇ 15 ವೋಲ್ಟ್ ಕೆಳಗಿನ ಮೆಗಾ ಬೋರ್ಡಿಗೂ ಇಳಿಯುತ್ತದೆ, ಅದಕ್ಕೆ ಶಿಫಾರಸು ಮಾಡಿರುವುದು 7ರಿಂದ 12 ವೋಲ್ಟ್ ಮಾತ್ರ. ಆದ್ದರಿಂದ ಚೂಪಾದ ಕಟ್ಟರಿನಿಂದ ಗೆರೆಯನ್ನು ಕೆರೆದು ತುಂಡರಿಸಿ, ತುಂಡಾಗಿದೆಯೇ ಎಂದು ಮಲ್ಟಿಮೀಟರ್ ಇಟ್ಟು ನೋಡಿ, ಆಮೇಲೆ ಮೆಗಾ ಬೋರ್ಡಿಗೆ ಬೇರೆಯದೇ ಒಂದು ಅಡಾಪ್ಟರ್ ಕೊಡಬೇಕು. ಎರಡನೆಯದು ವೈಫೈ ಚಿಪ್ಪಿನ ಹಸಿವು. ಅದು 3.3 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಸಂದೇಶ ಕಳಿಸುವ ಕ್ಷಣದಲ್ಲಿ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಮೆಗಾ ಬೋರ್ಡಿನ 3.3 ವೋಲ್ಟ್ ಪಿನ್ ಕೊಡಬಲ್ಲದ್ದು 50 ಮಿಲಿಆಂಪಿಯರ್ ಮಾತ್ರ. ಆ ಪಿನ್ನಿಗೆ ಸಿಕ್ಕಿಸಿದರೆ ದೀಪವೇನೋ ಉರಿಯುತ್ತದೆ, ಸಂಪರ್ಕ ಮಾತ್ರ ಆಗಾಗ ಕಡಿಯುತ್ತದೆ. ವೋಲ್ಟೇಜನ್ನು ಹದಕ್ಕೆ ಇಳಿಸುವ ರೆಗ್ಯುಲೇಟರ್ ತನ್ನಲ್ಲೇ ಇರುವ ವೈಫೈ ಬೋರ್ಡನ್ನೇ ಕೊಳ್ಳಿ.

ತಂತ್ರಾಂಶ ತುಂಬಿಸುವುದು ಕಷ್ಟದ ಕೆಲಸವಲ್ಲ. ಡಿಸಿಸಿ-ಇಎಕ್ಸ್‌ನವರದೇ ಇನ್‌ಸ್ಟಾಲರ್ ಇದೆ. ಬೋರ್ಡು ಯಾವುದು, ಶೀಲ್ಡ್ ಯಾವುದು, ವೈಫೈ ಬೇಕೇ ಎಂದು ಕೇಳುತ್ತ ಹೋಗುತ್ತದೆ. ವೈಫೈಗೆ ಎರಡು ದಾರಿಗಳಿವೆ: ಪೆಟ್ಟಿಗೆ ಮನೆಯ ರೂಟರಿಗೆ ಸೇರಿಕೊಳ್ಳುವುದು, ಇಲ್ಲವೇ ತಾನೇ ಒಂದು ವೈಫೈ ಜಾಲವನ್ನು ಬಿತ್ತರಿಸುವುದು. ಇಂಟರ್‌ನೆಟ್ ಕೈಕೊಟ್ಟಾಗ, ಅಥವಾ ಹಲಗೆಯನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೊತ್ತೊಯ್ದಾಗ ಯಾರ ಹಂಗೂ ಇರಬಾರದೆಂದು ನಾವು ಎರಡನೆಯದನ್ನು ಆರಿಸಿಕೊಂಡೆವು.

ಹಳಿಗೆ ಇಂಜಿನ್ ಇಡುವ ಮುಂಚೆ ಒಂದು ಪರೀಕ್ಷೆ ಮಾಡಬೇಕು. ಹಳಿಗೆ ವಿದ್ಯುತ್ ಕೊಟ್ಟು, ಒಂದು ರೂಪಾಯಿಯ ನಾಣ್ಯವನ್ನು ಎರಡೂ ಹಳಿಗಳಿಗೆ ತಾಗುವಂತೆ ಅಡ್ಡಲಾಗಿ ಇಡಿ. ಶಾರ್ಟ್ ಆದದ್ದನ್ನು ಪೆಟ್ಟಿಗೆ ಕೂಡಲೇ ಗುರುತಿಸಿ ವಿದ್ಯುತ್ತನ್ನು ಕಡಿಯಬೇಕು. ಹಲಗೆಯ ಒಂದೊಂದು ಮೂಲೆಯಲ್ಲೂ, ಸೇತುವೆಗಳ ಮೇಲೂ, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳ ಆಚೆಗೂ ಹೀಗೆ ಇಟ್ಟು ನೋಡಿ. ಎಲ್ಲಾದರೂ ಕಡಿಯದೆ ನಾಣ್ಯ ಬಿಸಿಯಾಗುತ್ತ ಹೋದರೆ ಅಲ್ಲಿಗೆ ಹೋಗುವ ವೈರು ತೆಳುವಾಗಿದೆ ಅಥವಾ ಸೋಲ್ಡರ್ ಸಡಿಲಾಗಿದೆ ಎಂದೇ ಅರ್ಥ. ಗಾಡಿ ಹಳಿ ತಪ್ಪಿ ಅಡ್ಡಬಿದ್ದಾಗ ನಿಮ್ಮ ಡಿಕೋಡರನ್ನೂ ಬೋಗಿಯ ಚಕ್ರಗಳನ್ನೂ ಕಾಯುವುದು ಈ ಒಂದು ಗುಣವೇ.

ಪ್ರತಿ ಹೊಸ ಡಿಕೋಡರ್ 3 ಎಂಬ ವಿಳಾಸದೊಂದಿಗೆ ಬರುತ್ತದೆ. ಅದನ್ನು ಬದಲಿಸಲು ಈ ಬೇರೆಯಾದ ತುಂಡು ಹಳಿ. ಇದಕ್ಕೆ ಪ್ರೋಗ್ರಾಮಿಂಗ್ ಟ್ರ್ಯಾಕ್ ಎನ್ನುತ್ತಾರೆ. ಇಲ್ಲಿ ಕ್ಯಾಮೆರಾವನ್ನು ಆದಷ್ಟು ಹತ್ತಿರ ಹಿಡಿದಿದ್ದೇನೆ, ಇಂಜಿನ್ನಿನ ಮುಂದಿನ ಕೊಂಡಿಯನ್ನು ನೋಡಿ. ಪೆಟ್ಟಿಗೆ ಒಂದು ಪ್ರಶ್ನೆ ಕಳಿಸಿತು. ಉತ್ತರ ಹೌದು ಎನ್ನಲು ಡಿಕೋಡರಿಗೆ ಇರುವ ಬಾಯಿ ಅದರ ಮೋಟಾರ್ ಒಂದೇ. ಆರು ಮಿಲಿಸೆಕೆಂಡಿನಷ್ಟು ಹೊತ್ತು ಮೋಟಾರಿಗೆ ವಿದ್ಯುತ್ ಹಾಯಿಸಿತು, ಕೊಂಡಿ ಕೂದಲೆಳೆಯಷ್ಟು ಅದುರಿತು. ಆ ಅದುರಿಗೆ ಖರ್ಚಾದ ಕರೆಂಟನ್ನು ಅಳೆದೇ ಪೆಟ್ಟಿಗೆ ಉತ್ತರವನ್ನು ತಿಳಿದುಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ತರಿಸಿಲ್ಲ.

ಇನ್ನು ಫೋನು. ಆಂಡ್ರಾಯ್ಡ್‌ನಲ್ಲಿ ‘ಎಂಜಿನ್ ಡ್ರೈವರ್’ ಎಂಬ ಉಚಿತ ಆ್ಯಪ್ ಇದೆ. ಪೆಟ್ಟಿಗೆಯ ವೈಫೈಗೆ ಸೇರಿ, ವಿಳಾಸ 192.168.4.1, ಪೋರ್ಟ್ 2560 ಎಂದು ಕೊಟ್ಟರೆ ಸಂಪರ್ಕವಾಗುತ್ತದೆ. ಈ ಜಾಲದಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಕೂಡಲೇ ಕೆಲವು ಫೋನುಗಳು ತಾವಾಗಿಯೇ ಮೊಬೈಲ್ ಡೇಟಾಕ್ಕೆ ಜಾರಿಬಿಡುತ್ತವೆ, ಆದ್ದರಿಂದ ಡೇಟಾವನ್ನು ಮೊದಲೇ ಆಫ್ ಮಾಡಿಡಿ. ಫೋನಿನ ವಾಲ್ಯೂಮ್ ಗುಂಡಿಗಳಿಂದಲೇ ವೇಗವನ್ನು ಏರಿಸಿ ಇಳಿಸಬಹುದು. ಕಣ್ಣು ಗಾಡಿಯ ಮೇಲಿರಬೇಕಾದ್ದರಿಂದ ಪರದೆಯ ಮೇಲೆ ಬೆರಳು ಹುಡುಕುವುದಕ್ಕಿಂತ ಇದೇ ಉತ್ತಮ. ಫೋನಿನ ಬ್ಯಾಟರಿ ಮುಗಿದರೆ ಗಾಡಿಯ ಗತಿ ಏನು ಎಂದು ಬಹಳ ಜನ ಕೇಳುತ್ತಾರೆ. ಆ್ಯಪ್ ಬದುಕಿದ್ದೇನೆ ಎಂದು ಪೆಟ್ಟಿಗೆಗೆ ಆಗಾಗ ತಿಳಿಸುತ್ತಲೇ ಇರುತ್ತದೆ. ಆ ಸುದ್ದಿ ನಿಂತರೆ ಕೆಲವು ಸೆಕೆಂಡುಗಳಲ್ಲಿ ಪೆಟ್ಟಿಗೆಯೇ ಆ ಇಂಜಿನ್ನನ್ನು ನಿಲ್ಲಿಸುತ್ತದೆ. ಕರೆಂಟ್ ಹೋಗಿ ಬಂದಾಗಲೂ ಅಷ್ಟೇ, ನಾವು ಫೋನಿನಲ್ಲಿ ಪವರ್ ಗುಂಡಿ ಒತ್ತುವವರೆಗೂ ಹಳಿಗೆ ವಿದ್ಯುತ್ ಬರುವುದಿಲ್ಲ.

ಮೊದಲ ಸಂಜೆ ನೋಡಲು ಬಂದವರು ನಮ್ಮ ಚಿಕ್ಕಪ್ಪ. ಇದೇ ಮಾರ್ಗದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ಗಕ್ಕನೆ ನಿಂತದ್ದನ್ನು ನೋಡಿ, “ಗೂಡ್ಸ್ ಗಾಡಿ ಹೀಗೆ ನಿಲ್ಲತ್ತೇನೋ? ಒಳಗಿರೋ ಮೂಟೆಯೆಲ್ಲ ಹೊರಗೆ ಬೀಳತ್ತೆ ಕಣೋ” ಎಂದರು. ಅವರ ಮಾತಿನ ಮೇಲೆ ಡಿಕೋಡರಿನಲ್ಲಿ ಉಳಿಸಿಡುವ, ಸಿವಿ 3 ಮತ್ತು ಸಿವಿ 4 ಎಂಬ ಎರಡು ಹೊಂದಾಣಿಕೆಯ ಸಂಖ್ಯೆಗಳನ್ನು ಬದಲಿಸಿದೆವು. ಮೊದಲನೆಯದು ವೇಗ ಏರುವ ನಿಧಾನ, ಎರಡನೆಯದು ಇಳಿಯುವ ನಿಧಾನ. ಕೊಟ್ಟ ಸಂಖ್ಯೆಯನ್ನು 0.896ರಿಂದ ಗುಣಿಸಿದರೆ ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬೇಕಾಗುವ ಸೆಕೆಂಡುಗಳು ಸಿಗುತ್ತವೆ. ಗೂಡ್ಸ್ ಇಂಜಿನ್ನಿಗೆ 20 ಕೊಟ್ಟಿದ್ದೇವೆ, ಅಂದರೆ ಸುಮಾರು 18 ಸೆಕೆಂಡ್. ಈಗ ಚಿಕ್ಕಪ್ಪ ಸೇತುವೆ ದಾಟುವಾಗಲೇ ವೇಗ ಇಳಿಸಲು ಶುರುಮಾಡುತ್ತಾರೆ, ಗಾಡಿ ಸ್ಟೇಷನ್ನಿನ ಹೆಸರಿನ ಫಲಕದ ಎದುರಿಗೇ ಬಂದು ನಿಲ್ಲುತ್ತದೆ.

ಅವರು ಇನ್ನೂ ಒಂದು ದೊಡ್ಡ ಲೋಪವನ್ನು ಕಂಡುಹಿಡಿದರು. ಎರಡು ಫೋನುಗಳಲ್ಲಿ ಒಂದೇ ಇಂಜಿನ್ನನ್ನು ಆರಿಸಿಕೊಂಡರೆ ಪೆಟ್ಟಿಗೆ ತಡೆಯುವುದಿಲ್ಲ, ಕೊನೆಗೆ ಬಂದ ಆಜ್ಞೆಯನ್ನು ಪಾಲಿಸುತ್ತದೆ. ಎರಡು ಗಾಡಿಗಳು ಒಂದೇ ಹಳಿಯಲ್ಲಿ ಎದುರುಬದುರಾದರೂ ಅದು ಕೇಳುವುದಿಲ್ಲ. ನಮ್ಮ ಹಲಗೆ ತೋರಿಸುತ್ತಿರುವುದು ಒಂಟಿ ಹಳಿಯ ಕಾಲವನ್ನು. ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಸರಿಸಿದ್ದಕ್ಕಿಂತ ಹಿಂದಿನದು. ಒಂಟಿ ಹಳಿಯಲ್ಲಿ ನೀಲ್ಸ್ ಟೋಕನ್ ಯಂತ್ರದ ಉಕ್ಕಿನ ಚೆಂಡು ಕೈಗೆ ಬಾರದೆ ಡ್ರೈವರ್ ಮುಂದಿನ ಸ್ಟೇಷನ್ನಿನ ಕಡೆಗೆ ಹೊರಡುವಂತಿರಲಿಲ್ಲ. ಎರಡು ಸ್ಟೇಷನ್ನುಗಳ ಯಂತ್ರಗಳು ತಂತಿಯಿಂದ ಬೆಸೆದಿರುತ್ತಿದ್ದವು, ಒಂದು ಚೆಂಡು ಹೊರಗಿರುವಾಗ ಇನ್ನೊಂದು ಹೊರಬರುತ್ತಿರಲಿಲ್ಲ. ಚೆಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರಿಗೆ ಎತ್ತಿಕೊಡುತ್ತಿದ್ದರು.

ಚಿಕ್ಕಪ್ಪ ಪಾಂಡವಪುರ–ಶ್ರೀರಂಗಪಟ್ಟಣದ ನಡುವೆ ಒಂದು, ಶ್ರೀರಂಗಪಟ್ಟಣ–ನಾಗನಹಳ್ಳಿಯ ನಡುವೆ ಒಂದು ಎಂದು ಎರಡು ಮರದ ಗೋಲಿಗಳಿಗೆ ಬಣ್ಣ ಬಳಿದುಕೊಟ್ಟಿದ್ದಾರೆ. ಗೋಲಿ ಕೈಯಲ್ಲಿಲ್ಲದವರು ಫೋನಿನ ಗುಂಡಿ ಮುಟ್ಟುವಂತಿಲ್ಲ. ವೈರ್‌ಲೆಸ್ ಆದ್ದರಿಂದಲೇ ಇದು ಸಾಧ್ಯವಾಯಿತು. ಫೋನ್ ಹಿಡಿದು ಗಾಡಿಯ ಜೊತೆಗೇ ನಡೆದು ಬಂದು, ಶ್ರೀರಂಗಪಟ್ಟಣದಲ್ಲಿ ಒಂದು ಗೋಲಿಯನ್ನು ಒಪ್ಪಿಸಿ ಮುಂದಿನದನ್ನು ಪಡೆಯುತ್ತೇವೆ.

ಪಾಯಿಂಟ್‌ಗಳನ್ನು ಮಾತ್ರ ಇನ್ನೂ ಬೆರಳಿನಿಂದಲೇ ಸರಿಸುತ್ತಿದ್ದೇವೆ. ಪೆಟ್ಟಿಗೆಗೆ ಪಿಸಿಎ9685 ಎಂಬ ಬೋರ್ಡು ಸೇರಿಸಿದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸರ್ವೋ ಮೋಟಾರುಗಳು 16ನ್ನು ಫೋನಿನಿಂದಲೇ ನಡೆಸಬಹುದು. ಬೋರ್ಡು ತಂದಿಟ್ಟಿದ್ದೇನೆ, ಶ್ರೀರಂಗಪಟ್ಟಣದ ಎರಡೂ ಕಡೆಯ ಪಾಯಿಂಟ್‌ಗಳ ಅಡಿಯಲ್ಲಿ ಸರ್ವೋ ಕೂರಿಸಲು ಪಟ್ಟಿಗಳನ್ನು ಕತ್ತರಿಸುತ್ತಿದ್ದೇನೆ. ಮುಂದಿನ ಕಂತಿನಲ್ಲಿ ಆ ಕೆಲಸವನ್ನು ತೋರಿಸುತ್ತೇನೆ.