ಪಿಟೀಲು, ಪಿಯಾನೊ: ಸಾಥ್ ಅಲ್ಲ, ಜೋಡಿ

ಕೇಳುಗರಿಗೆ ನಮಸ್ಕಾರ.

ಬೆಳಗಾವಿ ಸೀಮೆಯ ಕಿವಿ ಪೇಟಿಯ ಜೊತೆಗೇ ಬೆಳೆದದ್ದು. ಹಾರ್ಮೋನಿಯಂ ಅನ್ನುವುದಕ್ಕಿಂತ ಪೇಟಿ ಅಂದರೇ ನಮಗೆ ಹತ್ತಿರ. ಪಂಡಿತ ರಾಮಭಾವು ಬಿಜಾಪುರೆ ಅವರು ಈ ಊರಲ್ಲೇ ಇದ್ದು ಪೇಟಿಯನ್ನು ಸಾಥ್‌ಗೂ ಸ್ವತಂತ್ರ ವಾದನಕ್ಕೂ ನುಡಿಸಿದರು, ಹಲವು ಶಿಷ್ಯರನ್ನು ತಯಾರು ಮಾಡಿದರು. ಗಾಯಕ ಮುಂದೆ, ಪೇಟಿ ಪಕ್ಕಕ್ಕೆ: ಈ ಚಿತ್ರ ನಮ್ಮ ಕಣ್ಣಲ್ಲಿ ಕೂತುಬಿಟ್ಟಿದೆ. ಅದೇ ಕಣ್ಣಿಂದ ಪಾಶ್ಚಾತ್ಯ ಸಂಗೀತದ ಪಿಟೀಲು-ಪಿಯಾನೊ ಕಚೇರಿ ನೋಡಿದರೆ, ನಿಂತು ನುಡಿಸುವವರು ಮುಖ್ಯ, ಕೂತವರು ಸಾಥಿದಾರರು ಅನಿಸುತ್ತದೆ. ಬರೆದ ಸಂಗೀತ ಹೇಳುವುದು ಬೇರೆಯದೇ ಮಾತು.

ಮೊದಲು ಶ್ರುತಿಯ ವಿಷಯ. ಈ ಜೋಡಿಯ ಅರ್ಧ ಜಗಳ ಅಲ್ಲೇ ಇದೆ.

ಪಿಯಾನೊದ 88 ಮನೆಗಳು ಒಮ್ಮೆ ಶ್ರುತಿಗೊಂಡರೆ ಮುಗಿಯಿತು, ನುಡಿಸುವವರು ಒಂದು ಕೂದಲೆಳೆಯಷ್ಟೂ ಅತ್ತಿತ್ತ ಸರಿಸಲಾರರು. ಪಿಟೀಲಿಗೆ ಮನೆಗಳೇ ಇಲ್ಲ, ಬೆರಳು ಇಟ್ಟಲ್ಲಿ ಸ್ವರ. ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ ಅಂತ ಲೆಕ್ಕ ಇಟ್ಟುಕೊಳ್ಳಿ. ತಂಬೂರಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ ಷಡ್ಜಕ್ಕಿಂತ 386 ಸೆಂಟ್ ಮೇಲಿರುತ್ತದೆ. ಪಿಯಾನೊದ ಗಾಂಧಾರ 400. ಈ 14 ಸೆಂಟ್ ನಮ್ಮ ಕಿವಿಗೆ ಚುಚ್ಚುತ್ತದೆ. ಆಕಾಶವಾಣಿಯು 1940ರಲ್ಲಿ ಪೇಟಿಯನ್ನು ಹೊರಗಿಟ್ಟಾಗ ಕೊಟ್ಟ ದೊಡ್ಡ ಕಾರಣಗಳಲ್ಲಿ ಇದೂ ಒಂದು, ಇನ್ನೊಂದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ ಅನ್ನುವುದು. 1971ರಲ್ಲಿ ಆ ನಿರ್ಬಂಧ ಸಡಿಲಾಯಿತು. ಇದನ್ನು ಬಾನುಲಿಯ ಮೈಕಿನ ಮುಂದೆಯೇ ಹೇಳುವುದರಲ್ಲಿ ಸ್ವಲ್ಪ ತಮಾಷೆ ಇದೆ, ಇರಲಿ.

ಪೇಟಿಯವರಿಗೆ ಒಂದು ದಾರಿ ಇದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹಾಗೆ ಕೆರೆದು ಒಂದೇ ಷಡ್ಜಕ್ಕೆ ಗಾಂಧಾರ ಟ್ಯೂನಿಂಗ್, ಅಂದರೆ ತಂಬೂರಿಯ ಶುದ್ಧ ಅಂತರಗಳಿಗೆ ಹೊಂದಿಸುವುದು, ಮಾಡಿಸಬಹುದು, ಗಾಯಕರ ಪಟ್ಟಿ (ಅವರು ಸಾ ಇಡುವ ಮನೆ) ಬದಲಾಗದಿದ್ದರೆ ಸಾಕು. ಪಿಯಾನೊಕ್ಕೆ ಆ ದಾರಿ ಮುಚ್ಚಿದೆ. ಸೊನಾಟಾದಲ್ಲಿ, ಅಂದರೆ ಇಂಥ ಜೋಡಿಗೆ ಬರೆದ ಹಲವು ಭಾಗಗಳ ಕೃತಿಯಲ್ಲಿ, ಷಡ್ಜವೇ ನಡೆದಾಡುತ್ತದೆ: ಐದು ನಿಮಿಷದೊಳಗೆ ಬಿಳಿ ಆರು (ಪಿಯಾನೊದ ಎ) ಸಾ ಆಗಿದ್ದದ್ದು ಬಿಳಿ ಮೂರು (ಇ) ಸಾ ಆಗಿ, ಮತ್ತೆಲ್ಲೋ ಹೋಗಿ ಬರುತ್ತದೆ. ಒಂದು ಸಾ-ಗೆ ಒಪ್ಪವಾಗಿ ಕೂರಿಸಿದ ಪಿಯಾನೊ ಇನ್ನೊಂದಕ್ಕೆ ಬೊಗಳುತ್ತದೆ. ಅದಕ್ಕೇ ಎಲ್ಲ ಮನೆಗೂ ಸಮನಾಗಿ ಸ್ವಲ್ಪ ಸ್ವಲ್ಪ ತಪ್ಪು ಹಂಚಿದ್ದಾರೆ.

ಹಾಗಾದರೆ ಬಗ್ಗುವವರು ಯಾರು? ಪಿಟೀಲಿನವರು. ಪಿಟೀಲಿನ ತಂತಿಗಳು ಮೇಲಿಂದ ಇ, ಎ, ಡಿ, ಜಿ. ಪಕ್ಕಪಕ್ಕದ ತಂತಿಗಳ ನಡುವೆ ಸಾ-ಪ ಅಂತರ. ಶುದ್ಧ ಪಂಚಮ 702 ಸೆಂಟ್, ಪಿಯಾನೊದ್ದು 700. ಎ ತಂತಿಯನ್ನು ಪಿಯಾನೊದ ಎ-ಗೆ (ಸೆಕೆಂಡಿಗೆ 440 ಕಂಪನ) ಸೇರಿಸಿ ಉಳಿದದ್ದನ್ನು ಕಿವಿಗೆ ಹಿತವಾಗುವಂತೆ ಶುದ್ಧ ಪಂಚಮದಲ್ಲಿ ಕಟ್ಟಿದರೆ, ಜಿ ತಂತಿ 4 ಸೆಂಟ್ ಕೆಳಗೆ ಕೂರುತ್ತದೆ, ಇ ತಂತಿ 2 ಸೆಂಟ್ ಮೇಲೆ. ಅಷ್ಟೇನಾ ಅನ್ನಬೇಡಿ. ಖಾಲಿ ಜಿ ತಂತಿಯ ಮೇಲೆ ನಿಧಾನದ ಮಂದ್ರ ಸ್ವರ ಎಳೆದಾಗ ಪಿಯಾನೊದ ಅದೇ ಸ್ವರದೊಡನೆ ಅದು ಮೆಲ್ಲಗೆ ಅಲೆಯುತ್ತದೆ, ಸಭಾಂಗಣ ಒಳ್ಳೆಯದಿದ್ದರೆ ಕೊನೇ ಸಾಲಿಗೂ ಗೊತ್ತಾಗುತ್ತದೆ. ಆದ್ದರಿಂದ ಪಳಗಿದ ಪಿಯಾನೊದವರು ಬರೀ ಎ ಕೊಡುವುದಿಲ್ಲ. ಡಿ ಮೈನರ್ ಸ್ವರಗುಚ್ಛ, ಅಂದರೆ ಡಿ, ಎಫ್, ಎ ಮೂರನ್ನೂ ಒಟ್ಟಿಗೆ, ಒತ್ತಿ ಹಿಡಿಯುತ್ತಾರೆ, ಆಮೇಲೆ ಜಿ ಒಂದನ್ನೇ ಬೇರೆಯಾಗಿ ಕೊಡುತ್ತಾರೆ. ಪಿಟೀಲಿನವರು ಪಂಚಮಗಳ ಅಂತರವನ್ನು ಚೂರೇ ಚೂರು ಕಿರಿದುಮಾಡಿ ಕಟ್ಟುತ್ತಾರೆ.

ಇದು ಬಯಲಾಗುವ ಜಾಗವೊಂದಿದೆ. ಬೀಥೋವನ್‌ನ 47ನೇ ಕೃತಿಸಂಖ್ಯೆಯ ಸೊನಾಟಾ, ಕ್ರಾಯ್ಟ್ಸರ್ ಅಂತ ಹೆಸರು. ಆರಂಭದ ನಾಲ್ಕು ಅಳತೆ (ಕಾಗದದಲ್ಲಿ ಗೆರೆ ಹಾಕಿ ಬೇರ್ಪಡಿಸಿದ ತಾಳದ ತುಂಡುಗಳು) ಪಿಟೀಲು ಒಂದೇ, ಅದೂ ಒಟ್ಟೊಟ್ಟಿಗೆ ಹಲವು ತಂತಿಯ ಮೇಲೆ ಕಮಾನು ಎಳೆಯುವ ಸ್ವರಗುಚ್ಛಗಳಲ್ಲಿ. ಒಂಟಿಯಾಗಿದ್ದಾಗ ಕಿವಿ ಶುದ್ಧ ಗಾಂಧಾರದ ಕಡೆಗೆ ಜಾರುತ್ತದೆ, ಚೆನ್ನಾಗಿಯೂ ಕೇಳುತ್ತದೆ. ಐದನೇ ಅಳತೆಗೆ ಪಿಯಾನೊ ಬರುತ್ತದೆ. ಅಲ್ಲಿಯವರೆಗಿನ ಸೊಗಸೆಲ್ಲ ಆ ಕ್ಷಣದಲ್ಲಿ ಬೇಸುರವಾಗಿ ಕಾಣಬಹುದು. ಅದಕ್ಕೆ ತಾಲೀಮಿನಲ್ಲಿ ಈ ನಾಲ್ಕು ಅಳತೆಗೆ ಪಿಯಾನೊದವರೂ ಜೊತೆಗೆ ಮೆಲ್ಲಗೆ ಅದೇ ಸ್ವರಗಳನ್ನು ಹಿಡಿದುಕೊಂಡು ಕೂಡಿಸುತ್ತಾರೆ, ಬೆರಳಿಗೆ ಜಾಗ ಗುರುತಾದ ಮೇಲೆ ಪಿಯಾನೊ ಬಿಡುತ್ತಾರೆ.

ಎರಡನೇ ತೊಡಕು ಸ್ವರ ಹುಟ್ಟುವ ರೀತಿ. ಪಿಯಾನೊದಲ್ಲಿ ಸುತ್ತಿಗೆ ಬಡಿದ ಕ್ಷಣವೇ ಸ್ವರ ಪೂರ್ತಿ ಹುಟ್ಟಿ, ಆ ಕ್ಷಣದಿಂದಲೇ ಸಾಯತೊಡಗುತ್ತದೆ. ಪಿಟೀಲಿನಲ್ಲಿ ಕಮಾನು ತಂತಿಯನ್ನು ಹಿಡಿದು ಮಾತಾಡಿಸಲು ಒಂದಿಷ್ಟು ಹೊತ್ತು ಬೇಕು, ಮಂದ್ರದಲ್ಲಿ ಇನ್ನೂ ಹೆಚ್ಚು. ಇಬ್ಬರೂ ಲೆಕ್ಕಕ್ಕೆ ಸರಿಯಾಗಿ ಒಟ್ಟಿಗೆ ಶುರುಮಾಡಿದರೆ ಕೇಳುವವರಿಗೆ ಪಿಟೀಲು ಹಿಂದೆ ಬಿದ್ದಂತಿರುತ್ತದೆ. ಇದಕ್ಕೆ ಮೆಟ್ರೊನೋಮ್, ಅಂದರೆ ಲಯ ಬಡಿಯುವ ಯಂತ್ರ, ಮದ್ದಲ್ಲ. ಪಿಯಾನೊದವರು ಕಮಾನಿನ ತುದಿ ನೋಡಿ, ಕೂದಲು ತಂತಿಗೆ ಕಚ್ಚಿದ ಮೇಲೆ ಬೆರಳು ಇಳಿಸುವುದು ಕಲಿಯಬೇಕು. ಆದ್ದರಿಂದಲೇ ಪಿಟೀಲಿನವರು ಪಿಯಾನೊದ ಬಾಗಿದ ಬದಿಗೆ ನಿಲ್ಲುತ್ತಾರೆ: ವಾದ್ಯದ ರಂಧ್ರಗಳು ಸಭೆಯ ಕಡೆಗೆ, ಕಮಾನು ಪಿಯಾನೊದವರ ಕಣ್ಣಳತೆಯಲ್ಲಿ. ಎರಡು ಹೆಜ್ಜೆ ಮುಂದೆ ಬಂದು ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ, ಕೂಡುವಿಕೆ ಹೋಗುತ್ತದೆ.

ಪಿಯಾನೊ ಪಿಟೀಲನ್ನು ನುಂಗುತ್ತದೆ ಅಂತ ಮುಚ್ಚಳ ಮುಚ್ಚಿಸುವ ಸಂಘಟಕರಿದ್ದಾರೆ. ಮುಚ್ಚಿದ ಪಿಯಾನೊದ ಸದ್ದು ಸಣ್ಣದಾಗುವುದಕ್ಕಿಂತ ಹೆಚ್ಚಾಗಿ ಮಂಕಾಗುತ್ತದೆ. ಆಗ ನುಡಿಸುವವರು ಮತ್ತಷ್ಟು ಒತ್ತುತ್ತಾರೆ. ತಪ್ಪು ಸಾಮಾನ್ಯವಾಗಿ ಎಡಗೈಯದು ಮತ್ತು ಬಲಗಾಲಿನದು. ಮಂದ್ರದ ದಪ್ಪ ಸ್ವರಗಳು ಸ್ವರವನ್ನು ಉಳಿಸುವ ಪೆಡಲಿನಲ್ಲಿ ಕಲಸಿಕೊಂಡು ಪಿಟೀಲಿನ ಜಿ ಮತ್ತು ಡಿ ತಂತಿಯ ಜಾಗವನ್ನು ಮುಚ್ಚುತ್ತವೆ. ಪೆಡಲ್ ಬಿಟ್ಟು, ಬಲಗೈಯನ್ನೂ ಬಿಟ್ಟು, ಎಡಗೈ ಒಂದನ್ನೇ ಪಿಟೀಲಿನ ಜೊತೆ ನಿಧಾನಕ್ಕೆ ನುಡಿಸಿ ನೋಡಿದರೆ ಎಲ್ಲಿ ಕೆಸರಿದೆ ಗೊತ್ತಾಗುತ್ತದೆ. ತಾಲೀಮಿಗೆ ಇಷ್ಟು ಉಪಯೋಗದ ಅಭ್ಯಾಸ ಇನ್ನೊಂದಿಲ್ಲ.

ಈಗ ಸಾಥ್ ಮಾತಿಗೆ ಬರೋಣ. ಪಿಟೀಲಿನವರ ಕಾಗದದಲ್ಲಿ ಅವರ ಒಂದು ಸಾಲು ಮಾತ್ರ ಇರುತ್ತದೆ. ಪಿಯಾನೊದವರ ಮುಂದೆ ಮೂರು ಸಾಲು: ತಮ್ಮ ಎರಡು ಕೈಯದು, ಮೇಲೆ ಪಿಟೀಲಿನದು. ಅಂದರೆ ಪೂರ್ತಿ ಕೃತಿ ಗೊತ್ತಿರುವವರು ಕೂತವರೇ. 1799ರಲ್ಲಿ ಅಚ್ಚಾದ ಬೀಥೋವನ್‌ನ ಮೊದಲ ಮೂರು ಸೊನಾಟಾಗಳ ಮುಖಪುಟ ಕೀಲಿಮಣೆ ವಾದ್ಯಕ್ಕೆ, ಜೊತೆಗೊಂದು ಪಿಟೀಲು ಎನ್ನುತ್ತದೆ, ಆ ಕ್ರಮದಲ್ಲೇ. ಆಮೇಲಿನ ನೂರು ವರ್ಷದಲ್ಲಿ ಪೋಸ್ಟರ್ ಹಚ್ಚುವವರು ಕ್ರಮ ತಿರುಗಿಸಿದರು.

ಸಂಯೋಜಕರೇ ಪಿಯಾನೊಗೆ ಕೂತ ಕಾಲದಲ್ಲಿ ಇನ್ನೊಂದು ಪೇಚು. ಮೊಜಾರ್ಟ್ 1784ರ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ರೆಜಿನಾ ಸ್ಟ್ರಿನಸಾಕ್ಕಿ ಎಂಬ ಇಟಲಿಯ ಪಿಟೀಲು ವಾದಕಿಯ ಜೊತೆ ಹೊಸ ಸೊನಾಟಾ ನುಡಿಸಿದ. ಪಿಟೀಲಿನ ಸಾಲು ಬರೆದು ಕೊಟ್ಟಿದ್ದ, ತನ್ನದನ್ನು ಬರೆಯಲು ಹೊತ್ತಿರಲಿಲ್ಲ, ತಲೆಯಲ್ಲಿದ್ದದ್ದನ್ನೇ ನುಡಿಸಿದ. ಉಳಿದಿರುವ ಹಸ್ತಪ್ರತಿಯಲ್ಲಿ ಪಿಯಾನೊ ಸಾಲನ್ನು ಆಮೇಲೆ ಬೇರೆ ಮಸಿಯಲ್ಲಿ, ಸಾಲದ ಜಾಗದಲ್ಲಿ ತುರುಕಿದ್ದು ಕಾಣುತ್ತದೆ. ಕ್ರಾಯ್ಟ್ಸರ್ ಸೊನಾಟಾದ್ದು ಉಲ್ಟಾ: 1803ರ ಮೇ 24ರಂದು ಬೆಳಿಗ್ಗೆ ಬೀಥೋವನ್ ಜೊತೆ ಅದನ್ನು ಮೊದಲು ನುಡಿಸಿದ ಜಾರ್ಜ್ ಬ್ರಿಡ್ಜ್‌ಟವರ್, ಎರಡನೇ ಭಾಗವನ್ನು ಸಂಯೋಜಕನ ಕೈಬರಹದಿಂದಲೇ ಓದಿ ನುಡಿಸಬೇಕಾಯಿತು. ಆಮೇಲೆ ಇಬ್ಬರೂ ಮುನಿಸಿಕೊಂಡರು, ಅರ್ಪಣೆ ರೊಡಾಲ್ಫ್ ಕ್ರಾಯ್ಟ್ಸರ್ ಪಾಲಾಯಿತು. ಆತ ಅದನ್ನು ಸಭೆಯಲ್ಲಿ ನುಡಿಸಲೇ ಇಲ್ಲ.

ಜೋಡಿ ವರ್ಷಗಟ್ಟಲೆ ನಿಲ್ಲಲು ಏನು ಬೇಕು? ಸಂಗ್ರಹ ಬೇಕು. ಬೀಥೋವನ್‌ನ 10, ಬ್ರಾಮ್ಸ್‌ನ 3, ಮೊಜಾರ್ಟ್‌ನಿಂದ ಐದಾರು, ಫ್ರಾಂಕ್, ಡೆಬ್ಯೂಸಿ: ಇಷ್ಟು ಕೈಯಲ್ಲಿದ್ದರೆ ಒಂದೇ ಊರಿಗೆ ಎರಡು ಮೂರು ಸಲ ಹೋಗಬಹುದು. ಒಂದು ಸಂಜೆಗೆ ಮೊಜಾರ್ಟ್ ಸುಮಾರು 20 ನಿಮಿಷ, ಡೆಬ್ಯೂಸಿ 13, ವಿರಾಮ, ಆಮೇಲೆ ಫ್ರಾಂಕ್ 28. ಹೊಸ ಕೇಳುಗರಿಗೆ ಇದು ಹದವಾದ ಅಳತೆ. ಸಂಭಾವನೆ ಅರ್ಧ ಅರ್ಧ, ಹೆಸರು ಒಂದೇ ಗಾತ್ರದ ಅಕ್ಷರದಲ್ಲಿ. ಮೊದಲ ಕಚೇರಿಗೆ ಮುಂಚೆಯೇ ಇದನ್ನು ಮಾತಾಡಿಕೊಳ್ಳದ ಜೋಡಿಗಳು ಸಂಗೀತಕ್ಕೆ ಜಗಳವಾಡಿ ಒಡೆಯುವುದಿಲ್ಲ, ಪೋಸ್ಟರಿಗೆ ಜಗಳವಾಡಿ ಒಡೆಯುತ್ತವೆ.

ಹಾಗೆ ವರ್ಷಗಟ್ಟಲೆ ಬಾಳಿದ ಜೋಡಿಗಳೂ ಇವೆ, ಮೊದಲ ಹೆಸರು ಪಿಟೀಲಿನವರದು. ಯೆಹೂದಿ ಮೆನುಹಿನ್ ಮತ್ತು ತಂಗಿ ಹೆಫ್ಜಿಬಾ. ಅಡಾಲ್ಫ್ ಬುಶ್ ಮತ್ತು ರುಡಾಲ್ಫ್ ಸೆರ್ಕಿನ್, ಕೊನೆಗೆ ಮಾವ ಅಳಿಯನೇ ಆದರು. 1988ರಿಂದ ಆನ್-ಸೋಫಿ ಮುಟರ್ ಮತ್ತು ಲ್ಯಾಂಬರ್ಟ್ ಓರ್ಕಿಸ್. ನನ್ನನ್ನು ಕೇಳಿದರೆ ಕೇಳಲು ಶುರುಮಾಡಬೇಕಾದ್ದು ಪಿಟೀಲಿನ ಆರ್ತರ್ ಗ್ರುಮಿಯೊ ಮತ್ತು ಪಿಯಾನೊದ ಕ್ಲಾರಾ ಹಾಸ್ಕಿಲ್ ಅವರಿಂದ. ಆಕೆ ಅವನಿಗಿಂತ 26 ವರ್ಷ ದೊಡ್ಡವಳು. ಆಕೆಗೆ ಪಿಟೀಲೂ ಬರುತ್ತಿತ್ತು, ಅವನಿಗೆ ಪಿಯಾನೊವೂ. ಯಾರು ಯಾವಾಗ ಉಸಿರು ಬಿಡುತ್ತಾರೆ ಅನ್ನುವುದು ಇಬ್ಬರಿಗೂ ಒಳಗಿನಿಂದ ಗೊತ್ತು. 1960ರ ಡಿಸೆಂಬರ್‌ನಲ್ಲಿ ಅವನ ಜೊತೆಗಿನ ಕಚೇರಿಗೆಂದು ಬ್ರಸೆಲ್ಸ್‌ಗೆ ಬಂದಿಳಿದವಳು ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಬಿದ್ದು, ಚೇತರಿಸಿಕೊಳ್ಳದೆ ತೀರಿಕೊಂಡಳು.

ನಮ್ಮ ಸೀಮೆಗೆ ಇಂಥ ಜೋಡಿಯನ್ನು ಕರೆಸುವವರಿಗೆ ಒಂದೆರಡು ಮಾತು. ಬೆಳಗಾವಿಯ ಮಳೆ ಪಿಯಾನೊಗೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾದಫಲಕದ ಮರ ತೇವ ಕುಡಿದು ಉಬ್ಬುತ್ತದೆ, ತಂತಿಗಳು ಬಿಗಿದು ನಡುಸಪ್ತಕ ಏರುತ್ತದೆ, ಮನೆಗಳ ಸಂದಿನ ಬಟ್ಟೆ ಊದಿಕೊಂಡು ಒತ್ತಿದ ಮನೆ ಮೇಲೇಳುವುದೇ ಇಲ್ಲ. ವಿಜಯಪುರ, ಬಾಗಲಕೋಟೆಯ ಬೇಸಿಗೆ ತದ್ವಿರುದ್ಧ: ಮರ ಒಣಗಿ ಕುಗ್ಗಿ, ಶ್ರುತಿ ಇಳಿದು, ತಂತಿ ಹಿಡಿದ ಮೊಳೆಗಳು ಸಡಿಲಾಗುತ್ತವೆ. ಪಿಯಾನೊ ಕಚೇರಿಯ ಹಿಂದಿನ ದಿನವೇ ವೇದಿಕೆ ಮೇಲಿರಲಿ. ದೀಪ, ಫ್ಯಾನು, ಏಸಿ ಕಚೇರಿಗೆ ಹೇಗೋ ಹಾಗೇ ಹಾಕಿಟ್ಟು ಶ್ರುತಿ ಮಾಡಿಸಿ, ತಾಲೀಮಾದ ಮೇಲೆ ಇನ್ನೊಮ್ಮೆ ಕೈಯಾಡಿಸಲು ಹೇಳಿ. ಪಿಟೀಲನ್ನು ಮೇ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಅಂಟು ಕರಗಿ ಜೋಡಣೆ ಬಾಯಿಬಿಡುತ್ತದೆ. ಅಂಟು ಬಿಟ್ಟರೆ ಅದೂ ಒಂದು ಪುಣ್ಯ: ಅದು ಬಿಡದಿದ್ದರೆ ಮರ ಸೀಳುತ್ತದೆ.

ಒಳ್ಳೆಯ ಪಿಯಾನೊ ಸಿಗದಿದ್ದರೆ ಡಿಜಿಟಲ್ ಆದೀತು, ಶ್ರುತಿ ಕೆಡುವುದಿಲ್ಲ. ಆದರೆ ಅದರ ಸದ್ದನ್ನು ಸಭೆಯ ಎರಡು ಮೂಲೆಯ ದೊಡ್ಡ ಸ್ಪೀಕರಿಗೆ ಕಳಿಸಬೇಡಿ. ಪಿಟೀಲು ನಿಂತ ಜಾಗದಿಂದ, ಪಿಯಾನೊ ಗೋಡೆಯಿಂದ ಕೇಳಿಸಿದರೆ ಎರಡೂ ಕೂಡುವುದಿಲ್ಲ. ಒಂದೇ ಸ್ಪೀಕರನ್ನು ನುಡಿಸುವವರ ಹಿಂದೆಯೇ, ಕೀಲಿಮಣೆಯ ಎತ್ತರಕ್ಕೆ ಇಡಿ. ಕರೆಂಟಿಗೆ ಬದಲಿ ವ್ಯವಸ್ಥೆ ಇರಲೇಬೇಕು.

ಸೀಸರ್ ಫ್ರಾಂಕ್‌ನ ಸೊನಾಟಾಗೆ ಆ ಚಿಂತೆ ಇರಲಿಲ್ಲ. 1886ರ ಡಿಸೆಂಬರ್ 16ರ ಸಂಜೆ ಬ್ರಸೆಲ್ಸ್‌ನ ಚಿತ್ರಶಾಲೆಯಲ್ಲಿ ಅದರ ಮೊದಲ ಬಹಿರಂಗ ವಾದನ. ಚಿತ್ರಗಳಿದ್ದ ಕೋಣೆ, ದೀಪ ಹಚ್ಚುವಂತಿಲ್ಲ, ಕಾರ್ಯಕ್ರಮ ಉದ್ದವಾಗಿ ಚಳಿಗಾಲದ ಕತ್ತಲು ಇಳಿದಿತ್ತು. ಮೊದಲ ಭಾಗ ಮುಗಿಯುವಷ್ಟರಲ್ಲಿ ಕಾಗದ ಕಾಣದಾಯಿತು. ಪಿಟೀಲಿನ ಯೂಜೀನ್ ಇಸಾಯಿ ಕಮಾನಿನಿಂದ ಸ್ಟ್ಯಾಂಡು ತಟ್ಟಿ, ನಡೀರಿ ನಡೀರಿ ಅಂದ. ಪಿಯಾನೊಗೆ ಕೂತ ಲಿಯೋಂಟೀನ್ ಬೋರ್ಡ್-ಪೆನ್ ಜೊತೆಗೆ ಉಳಿದ ಮೂರು ಭಾಗ ನೆನಪಿನಿಂದಲೇ ನಡೆಯಿತು. ಕೊನೆಯ ಭಾಗದಲ್ಲಿ ಪಿಯಾನೊ ಮೊದಲು ಹಾಡು ಎತ್ತುತ್ತದೆ, ಒಂದು ಅಳತೆ ಬಿಟ್ಟು ಪಿಟೀಲು ಅದನ್ನೇ ಹಿಡಿದು ಹಿಂದೆ ಬರುತ್ತದೆ. ಕತ್ತಲಲ್ಲಿ ಅವತ್ತು ದಾರಿ ತೋರಿಸಿದವರು ಕೂತವರು.

ನಮಸ್ಕಾರ.