ನೂಲು ಮುಟ್ಟಿ ಬರೆಯುವ ಸುದ್ದಿ

ಕೇಳುಗರಿಗೆ ನಮಸ್ಕಾರ.

2021ರ ನವೆಂಬರಿನಲ್ಲಿ ನಮ್ಮ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದದ್ದು ನಿಮಗೆ ನೆನಪಿರಬಹುದು. ಆ ಚಿತ್ರದ ಕೆಳಗೆ ನಾನು ಓದಿದ್ದು ಹೆಚ್ಚಾಗಿ ಎರಡೇ ಮಾತು: ಬರಿಗಾಲು, ಸರಳ ಉಡುಗೆ. ಸರಳ ಅಂದರೆ ಏನು? ರವಿಕೆಯಿಲ್ಲದೆ ಹೆಗಲು ಬಳಸಿ ಬಿಗಿದ ಸೀರೆ, ಕೊರಳು ತುಂಬ ಮಣಿಸರ. ತುಳಸಿ ಗೌಡರ ಹಾಲಕ್ಕಿ ಸಮುದಾಯದ ಹೆಂಗಸರ ಆ ಉಡುಗೆಗೆ ಅದರದೇ ಕಟ್ಟು ಇದೆ, ಕ್ರಮ ಇದೆ. ಫ್ಯಾಷನ್ ಬರವಣಿಗೆ ಕಲಿಯಬೇಕು ಅಂತ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ತೋರಿಸುವುದು ಈ ಚಿತ್ರವನ್ನೇ. ನೂರು ಪದಗಳಲ್ಲಿ ಬರೆಯಿರಿ, ಸುಂದರ, ಸರಳ, ಆಕರ್ಷಕ ಎಂಬ ಮೂರು ಪದ ಮಾತ್ರ ಬೇಡ ಅನ್ನುತ್ತೇನೆ. ಆಗ ಕಣ್ಣು ಕೆಲಸ ಶುರು ಮಾಡುತ್ತದೆ.

ನಾನು ಕಲಿತದ್ದು ತಪ್ಪು ಮಾಡಿ. ಶಿರಸಿ ಮಾರಿಕಾಂಬಾ ಜಾತ್ರೆಯ ಸೀರೆ ಅಂಗಡಿಗಳ ಬಗ್ಗೆ ಪತ್ರಿಕೆಗೆ ಬರೆದಾಗ, ಹೊಳಪು ಕಂಡದ್ದಕ್ಕೆಲ್ಲ ರೇಷ್ಮೆ ಎಂದೇ ಹೆಸರಿಟ್ಟಿದ್ದೆ. ಅಚ್ಚಾದ ಮೇಲೆ ಹಿರಿಯ ವ್ಯಾಪಾರಿಯೊಬ್ಬರು ಕರೆದು ಕೂರಿಸಿ, “ತಂಗೀ, ಹೊಳಪು ನೋಡಿ ಬರೀಬೇಡ, ನೂಲು ಸುಟ್ಟು ನೋಡು” ಅಂದರು. ಮೂರು ಎಳೆ ಕಿತ್ತು ಕಡ್ಡಿ ಗೀರಿದರು. ಹತ್ತಿ ಸುಟ್ಟ ಕಾಗದದ ವಾಸನೆ ಕೊಟ್ಟಿತು. ರೇಷ್ಮೆ ಸುಟ್ಟ ಕೂದಲಿನ ಹಾಗೆ ನಾತ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗಿ ನಿಂತಿತು. ಅವತ್ತಿನಿಂದ ಶುದ್ಧ ರೇಷ್ಮೆ ಎಂದು ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ಕೇಳದೆ ರೇಷ್ಮೆ ಎಂದು ಬರೆದಿಲ್ಲ. ಇಳಕಲ್ ಸೀರೆ ಅಂದರೂ ಅಷ್ಟೆ. ಮೈಯ ನೂಲನ್ನೂ ಸೆರಗಿನ ನೂಲನ್ನೂ ಕೊಂಡಿ ಹಾಕಿ ಸೇರಿಸಿದ ಜಾಗವನ್ನು ಹುಡುಕಿ ನೋಡುತ್ತೇನೆ.

ಪತ್ರಿಕೆಯಲ್ಲಿ ಅಚ್ಚಾದ ತಪ್ಪು ಮನೆಮನೆ ಸೇರಿಬಿಡುತ್ತದೆ, ತಿದ್ದುಪಡಿಗೆ ಮರುದಿನ ಒಂದು ಮೂಲೆ ಸಿಕ್ಕರೆ ಹೆಚ್ಚು. ಆನ್‌ಲೈನಿನಲ್ಲಿ ಕ್ಷಣದಲ್ಲಿ ತಿದ್ದಬಹುದು, ಆದರೆ ತಿದ್ದಿದ್ದೇವೆ ಎಂದು ದಿನಾಂಕ ಹಾಕಿ ಹೇಳಲೇಬೇಕು. ಶೀರ್ಷಿಕೆಯೂ ಬೇರೆ. ಭಾನುವಾರದ ಪುರವಣಿಗೆ ‘ಸೆರಗಿನ ತುದಿಯಲ್ಲಿ’ ಎಂದರೆ ಚಿತ್ರ ನೋಡಿ ಓದುತ್ತಾರೆ. ಫೋನಿನಲ್ಲಿ ಹುಡುಕುವವರು ಟೈಪ್ ಮಾಡುವುದು ‘ಇಳಕಲ್ ಸೀರೆ ಗುರುತಿಸುವುದು ಹೇಗೆ’ ಎಂದು. ಆ ಪದಗಳು ಶೀರ್ಷಿಕೆಯಲ್ಲಿ ಇರಲಿ. ಇನ್ನೊಂದು: ಅಂಗಡಿಯವರು ಸೀರೆ ಪುಕ್ಕಟೆ ಕೊಟ್ಟಿದ್ದರೆ ಓದುಗರಿಗೆ ಹೇಳಿ. ಹಣ ಅಥವಾ ಉಡುಗೊರೆ ಪಡೆದು ಹಾಕುವ ಪೋಸ್ಟಿನಲ್ಲಿ ಅದನ್ನು ಕಾಣುವಂತೆ ತಿಳಿಸಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಹೊಸ ಫ್ಯಾಷನ್ ಎಂದರೆ ಮುಂಬೈಯಿಂದಲೇ ಬರಬೇಕು ಎಂದು ನಮ್ಮ ಮಕ್ಕಳು ತಿಳಿಯುವುದು ನನಗೆ ನೋವು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿ. ಹಳೆ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಚಿದ ತುಂಡು ಕೂರಿಸಿ ಅದಕ್ಕೆ ‘ಫುಲಾ’ ಅನ್ನುತ್ತಾರೆ, ಹೂವು ಅಂತ. ಫುಲಾ ಇಲ್ಲದ ಕೌದಿ ಬತ್ತಲೆ ಕೌದಿ. ಹಳೆ ಬಟ್ಟೆಯ ಮರುಬಳಕೆ ಎಂದು ನಗರಗಳಲ್ಲಿ ಈಗ ದೊಡ್ಡ ಮಾತು ನಡೆದಿದೆಯಲ್ಲ, ಆ ವರದಿ ಬರೆಯಬೇಕಾದವರು ಈ ಅಜ್ಜಿಯರ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂರಬೇಕು. ಸೂಜಿಯ ಹೆಸರು, ಹೊಲಿಗೆಯ ಹೆಸರು, ಎಷ್ಟು ದಿನ ಹಿಡಿಯಿತು, ಎಷ್ಟಕ್ಕೆ ಮಾರಿದರು, ಎಲ್ಲವನ್ನೂ ಅವರ ಬಾಯಿಂದಲೇ ಕೇಳಬೇಕು.

ಬರುವ ಭಾನುವಾರ ಕಾರವಾರದ ಸಂತೆಗೆ ಒಂದು ಸಣ್ಣ ಪಟ್ಟಿ ಪುಸ್ತಕ ಹಿಡಿದು ಹೋಗಿ. ಮೀನು ಮಾರುವ ಅಕ್ಕ ಸೀರೆಯನ್ನು ಎಲ್ಲಿ ಎತ್ತಿ ಸಿಕ್ಕಿಸಿದ್ದಾರೆ, ಯಾಕೆ ಎಂದು ಕೇಳಿ ಬರೆದುಕೊಳ್ಳಿ. ಫೋಟೊ ತೆಗೆಯುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಒಲ್ಲೆ ಅಂದರೆ, ಆ ಸೀರೆಯ ಬಣ್ಣವನ್ನು ಮಾತಿನಲ್ಲೇ ಹೇಳಲು ಪ್ರಯತ್ನಿಸಿ.

ನಮಸ್ಕಾರ.