ಮಲಗಿದವರು ಉತ್ತರ ಕೊಡಲಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ನಿದ್ದೆಯ ಬಗ್ಗೆ ಸಮೀಕ್ಷೆ ಮಾಡಿದಳು. ಹೆಸರು ‘ಮಂಗಳೂರಿನ ಜನರ ನಿದ್ದೆ’. ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆಗಳನ್ನು ಬರೆದು, ಮೇಲೆ ದಪ್ಪಕ್ಷರದಲ್ಲಿ ‘ರಾತ್ರಿ ನಿದ್ದೆ ಬರ್ತಿಲ್ವಾ? ಐದು ನಿಮಿಷ ಕೊಡಿ’ ಎಂದು ಹಾಕಿ, ವಾಟ್ಸಾಪ್ ಗ್ರೂಪುಗಳಿಗೆ ಲಿಂಕ್ ಕಳಿಸಿದಳು. ಕಳಿಸಿದ್ದು ರಾತ್ರಿ ಹನ್ನೊಂದೂವರೆಗೆ. ವಾರದಲ್ಲಿ ಉತ್ತರ ಕೊಟ್ಟವರು ಮುನ್ನೂರು ದಾಟಿದರು. ‘ಸರ್, ಊರಿನ ಅರ್ಧಕ್ಕರ್ಧ ಜನರಿಗೆ ನಿದ್ದೆಯೇ ಇಲ್ಲ!’ ಎಂದು ಓಡಿ ಬಂದಳು.

‘ಹತ್ತು ಗಂಟೆಗೇ ಮಲಗಿದವರು ಎಷ್ಟು ಜನ ಇದ್ದಾರಮ್ಮಾ ಇದರಲ್ಲಿ?’ ಎಂದು ಕೇಳಿದೆ. ಸುಮ್ಮನಾದಳು.

ಯೋಚಿಸಿ. ಬೇಗ ಮಲಗಿದವರು ಬೆಳಿಗ್ಗೆ ಫೋನ್ ತೆಗೆಯುವಾಗ ಗುಡ್ ಮಾರ್ನಿಂಗ್ ಚಿತ್ರಗಳ ರಾಶಿಯಲ್ಲಿ ಆ ಲಿಂಕ್ ಎಲ್ಲೋ ಹೋಗಿರುತ್ತದೆ. ಕಣ್ಣಿಗೆ ಬಿದ್ದರೂ, ‘ನನಗೆ ಚೆನ್ನಾಗಿ ನಿದ್ದೆ ಬರ್ತದೆ, ಇದು ನನಗಲ್ಲ’ ಎಂದು ಬಿಡುತ್ತಾರೆ. ಯಾರು ಬರಬೇಕು ಎಂಬುದನ್ನು ನಮ್ಮ ಕರೆಯೋಲೆಯೇ ಆರಿಸಿಬಿಟ್ಟಿತ್ತು.

ದೊಡ್ಡ ದೊಡ್ಡವರೂ ಇಲ್ಲೇ ಎಡವಿದ್ದಾರೆ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಒಂದು ಅಣಕು ಜೈಲು ಮಾಡಿ, ಹುಡುಗರನ್ನು ಕಾವಲುಗಾರರು, ಕೈದಿಗಳು ಎಂದು ಪಾಲು ಮಾಡಿದ್ದರು. ಹುಡುಗರು ಸಿಕ್ಕಿದ್ದು ಪೇಪರ್ ಜಾಹೀರಾತಿನಿಂದ. ಜೈಲು ಜೀವನದ ಅಧ್ಯಯನ, ದಿನಕ್ಕೆ 15 ಡಾಲರ್. ಕಾವಲುಗಾರರ ಕ್ರೌರ್ಯ ಮಿತಿಮೀರಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. 2007ರಲ್ಲಿ ಕಾರ್ನಹನ್ ಮತ್ತು ಮೆಕ್‌ಫಾರ್ಲಂಡ್ ಎಂಬಿಬ್ಬರು ಸಂಶೋಧಕರು ಎರಡು ಜಾಹೀರಾತು ಕೊಟ್ಟು ನೋಡಿದರು. ಒಂದರಲ್ಲಿ ‘ಜೈಲು ಜೀವನ’ ಎಂಬ ಮಾತಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಮೊದಲನೆಯದನ್ನು ಓದಿ ಬಂದವರಲ್ಲಿ ಜಗಳಗಂಟಿತನ ಜಾಸ್ತಿ, ಕನಿಕರ ಕಡಿಮೆ! ಎರಡೇ ಪದ ಮಾಡಿದ ಕೆಲಸ ಇದು.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅಂತೇವೆ. ನಿಜವೇ. ಆದರೆ ನಮ್ಮ ಕುಚ್ಚಲಕ್ಕಿ ಗಂಜಿಗೆ ಮೇಲ್ಗಡೆಯಷ್ಟೇ ಸೌಟು ಹಾಕಿ, ಬರೀ ತಿಳಿ ಬಂತೆಂದು ‘ಇದರಲ್ಲಿ ಅಕ್ಕಿಯೇ ಇಲ್ಲ’ ಎಂದರೆ? ಮೇಲಿಂದ ನೂರು ಸೌಟು ತೆಗೆದರೂ ತಿಳಿಯೇ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಒಂದು ಕೋಟಿಯಷ್ಟು ಕಾರ್ಡು ಕಳಿಸಿತ್ತು. ವಿಳಾಸ ಸಿಕ್ಕಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ಇದ್ದವರ ಪಟ್ಟಿಯಿಂದ, ಅಂದರೆ ಆ ಕಾಲದ ಉಳ್ಳವರದ್ದು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. 48 ರಾಜ್ಯಗಳಲ್ಲಿ 46 ಗೆದ್ದದ್ದು ರೂಸ್‌ವೆಲ್ಟ್. ಏನು ಹೇಳುವುದು ಮಾರಾಯ್ರೆ!

ನಮ್ಮ ಮುನ್ನೂರು ಮಂದಿಯನ್ನು ಬಿಡಿಸಿ ನೋಡಿದೆವು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಇಂಗ್ಲಿಷ್ ಓದಬಲ್ಲವರು, ಹಾಸ್ಟೆಲಿನವರು. ದಕ್ಕೆಯಿಂದ ಮೀನು ಹಿಡಿಯಲು ಬೋಟಿಗೆ ಹೋಗುವವರು ಒಬ್ಬರೂ ಇಲ್ಲ. ಅವರು ಸಿಗಬೇಕಾದರೆ ಬೋಟುಗಳು ಕಡಲಿಗಿಳಿಯದ ಟ್ರಾಲಿಂಗ್ ನಿಷೇಧದ ಜೂನ್, ಜುಲೈ ಬರಬೇಕು. ಆದರೆ ಆಗಿನ ನಿದ್ದೆ ಮನೆಯ ನಿದ್ದೆ, ಬೋಟಿನದ್ದಲ್ಲ. ಇನ್ನು ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ರಾತ್ರಿಯಿಡೀ ಕುಣಿದು ಹಗಲು ಮಲಗುವ ಯಕ್ಷಗಾನ ಮೇಳದ ಕಲಾವಿದರು ‘ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ’ ಎಂಬ ಪ್ರಶ್ನೆಗೆ ಯಾವುದಕ್ಕೆ ಟಿಕ್ ಹಾಕಬೇಕು?

ಹುಡುಗಿ ಹಠದವಳು. ಪ್ರಶ್ನೆಗಳನ್ನು ತುಳುವಿಗೆ ತಿರುಗಿಸಿ, ಕಾಗದದಲ್ಲಿ ಬರೆದುಕೊಂಡು, ದೊಡ್ಡಮ್ಮನ ಜೊತೆ, ಮನೆಯಲ್ಲಿ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೋದಳು. ಸಾಲಲ್ಲಿದ್ದ ಒಬ್ಬರು ನಕ್ಕು, ‘ಎಲೆ ಮುಗಿಯಬೇಕಲ್ಲ ಮಗಾ, ಆಮೇಲೆ ನಿದ್ದೆ’ ಎಂದರಂತೆ. ನಮ್ಮ ಫಾರ್ಮ್‌ನಲ್ಲಿ ಮಲಗುವ ಮೊದಲು ಫೋನ್ ನೋಡುವುದರ ಬಗ್ಗೆ ನಾಲ್ಕು ಪ್ರಶ್ನೆಗಳಿದ್ದವು. ಬೀಡಿ ಕಟ್ಟುವುದರ ಬಗ್ಗೆ ಒಂದೂ ಇಲ್ಲ. ಅಲ್ಲಿಯೂ ಒಂದು ತೊಡಕಾಯಿತು. ಮುಂದಿನವರು ಹೇಳಿದ್ದನ್ನು ಕೇಳಿಸಿಕೊಂಡ ಹಿಂದಿನವರು ‘ನನ್ನದೂ ಹಾಗೇ ಬರಿ’ ಎಂದುಬಿಟ್ಟರು. ಆ ಉತ್ತರಗಳನ್ನು ಲೆಕ್ಕಕ್ಕೆ ಹಿಡಿಯಲು ಮನಸ್ಸು ಬರಲಿಲ್ಲ.

ಕೊನೆಗೆ ವರದಿಯ ಹೆಸರನ್ನೇ ಹೊಡೆದುಹಾಕಿ, ‘ಮಂಗಳೂರಿನ ಕೆಲವು ಕಾಲೇಜು ವಿದ್ಯಾರ್ಥಿಗಳ ನಿದ್ದೆ’ ಎಂದು ಬರೆದಳು. ‘ತುಂಬ ಸಣ್ಣದಾಯಿತಾ ಸರ್? ಮಾರ್ಕ್ಸ್ ಕಡಿಮೆ ಆಗ್ತದಾ?’ ಎಂದು ಕೇಳಿದಳು.

ಆಗಲಿಲ್ಲ. ನಮಸ್ಕಾರ.